ದಿಬ್ಬದ ಆ ತುದಿಯಲ್ಲಿ ಅಕ್ಕ

ಅಳಿವೆಯ ಪಕ್ಷಿಧಾಮಕ್ಕೆ ಬರುವವರೆಲ್ಲ ಅಲ್ಲಿನ ಕಾವಲುಗಾರನನ್ನು ‘ಬೇಡಣ್ಣ’ ಎಂದೇ ಕರೆಯುತ್ತಾರೆ. ಅಲ್ಲಿ ಹೋಗಬೇಡಿ, ಕೂಗಬೇಡಿ, ಕಲ್ಲೆಸೆಯಬೇಡಿ ಎಂದು ಹೇಳಿ ಹೇಳಿ ಅಂಟಿದ ಹೆಸರು. ಆತನಿಗೆ ಬೇಸರವಿಲ್ಲ. ಭಾನುವಾರ ಬಿಟ್ಟರೆ ಹಾಗೆ ಕರೆಯಲಾದರೂ ಅಲ್ಲಿ ಯಾರಿರುತ್ತಾರೆ?

ನದಿ ಕಡಲು ಸೇರುವಲ್ಲಿನ ಪುಟ್ಟ ನಡುಗಡ್ಡೆಯಲ್ಲಿ ಆತನ ಒಂದು ಕೋಣೆ, ಪಕ್ಕದಲ್ಲಿ ವೀಕ್ಷಣಾ ಗೋಪುರ. ಪ್ರವಾಸಿಗರ ದೋಣಿ ಬರುವುದು ಭಾನುವಾರ ಮಾತ್ರ; ಆತನದೆಂದು ಬೇರೆ ದೋಣಿಯಿಲ್ಲ. ನಡುಗಡ್ಡೆಯಿಂದ ದಡದ ಕಡೆಗೆ ಉದ್ದನೆಯ ಮರಳು ದಿಬ್ಬ ಚಾಚಿದೆ; ನೀರು ಇಳಿದಾಗ ಅದರ ಮೇಲೆ ನಡೆದೇ ಬರಬಹುದಿತ್ತು. ಈ ಸಲ ಕಡಲಹಕ್ಕಿಗಳು ದಿಬ್ಬದ ತುಂಬ ಮೊಟ್ಟೆಯಿಟ್ಟವು. ಮರಳಿನದೇ ಬಣ್ಣ, ತುಳಿದ ಮೇಲೇ ಗೊತ್ತಾಗುವುದು. ಅರಣ್ಯ ಇಲಾಖೆಯ ಸಾಹೇಬರ ಬೆನ್ನು ಬಿದ್ದು ಎರಡೂ ತುದಿಗೆ ಹಗ್ಗ ಕಟ್ಟಿಸಿದವನು ಈತನೇ.

ಬುಧವಾರ ಅಕ್ಕ ಬಂದಳು. ಹಳೆಯ ಅಭ್ಯಾಸದಂತೆ ಹೇಳದೆ ಕೇಳದೆ, ನಡೆದುಕೊಂಡು. ದಡದ ತುದಿಯಲ್ಲಿ ನಿಂತು ಫೋನ್ ಮಾಡಿದಳು. ಆತ ದುರ್ಬೀನು ಹಿಡಿದು ಗೋಪುರ ಹತ್ತಿದ.

“ಇದೇನೋ, ದನ ಕಟ್ಟೋ ಹಾಗೆ ಹಗ್ಗ ಕಟ್ಟಿದ್ದೀಯ?”

“ದಾಟಬೇಡ ಅಕ್ಕಾ. ಮೊಟ್ಟೆ ಇವೆ.”

“ನೋಡ್ಕೊಂಡು ಕಾಲಿಡ್ತೀನಿ ಕಣೋ.”

“ಕಾಣಲ್ಲ ಅಕ್ಕಾ. ಹಕ್ಕಿಗಳೆಲ್ಲ ಎದ್ಬಿಡ್ತವೆ, ಈ ಬಿಸಿಲಿಗೆ ಮೊಟ್ಟೆ ಬೆಂದೇ ಹೋಗ್ತವೆ. ಭಾನುವಾರ ದೋಣೀಲಿ ಬಾ.”

“ಶನಿವಾರ ಮಗಳ ಮನೆಗೆ ಹೊರಟೆ. ಇನ್ಮೇಲೆ ಅಲ್ಲೇ. ಈ ಮಂಡಿ ಕಟ್ಕೊಂಡು ಮತ್ತೆ ಇಷ್ಟು ದೂರ ಬರೋಕಾಗುತ್ತಾ? ನೀನೇ ಬಾ ಈ ಕಡೆಗೆ.”

“ನಾನು ನಡೆದ್ರೂ ಅಷ್ಟೇ ಅಕ್ಕಾ.”

ಆಕೆ ಹಗ್ಗದಿಂದ ಒಂದು ಹೆಜ್ಜೆ ಹಿಂದೆ ಸರಿದು ಗೋಪುರದ ಕಡೆ ತಲೆಯೆತ್ತಿದಳು.

“ಹೋಗ್ಲಿ, ನಾನು ಕಾಣ್ತೀನಾ?”

“ಚೆನ್ನಾಗಿ ಕಾಣ್ತೀಯ. ಕನ್ನಡಕ ಹೊಸದು.”

“ನೀನು ನಂಗೆ ನೆಟ್ಟ ಕಡ್ಡಿ ಥರ ಕಾಣ್ತೀಯ. ಊಟ ಮಾಡ್ತೀಯೋ, ಅದೂ ಬೇಡ್ವೋ?”

ಆತ ನಕ್ಕ. ನೀರು ಏರತೊಡಗುವವರೆಗೂ ಇಬ್ಬರೂ ಮನೆ, ಮಗಳು, ಮಂಡಿನೋವು ಎಂದು ಮಾತಾಡಿದರು. ಆಮೇಲೆ ಆಕೆ ಫೋನನ್ನು ಚೀಲಕ್ಕೆ ಹಾಕಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದು ಆತನಿಗೆ ಸ್ಪಷ್ಟವಾಗಿ ಕಂಡಿತು. ಆತನ ಮುಖ ಆಕೆಗೆ ಕಾಣುವಂತಿರಲಿಲ್ಲ.

ಭಾನುವಾರ ದೋಣಿಯಲ್ಲಿ ಬಂದವರಲ್ಲಿ ಕ್ಯಾಮೆರಾ ಹಿಡಿದಿದ್ದ ಒಬ್ಬ, ಹಗ್ಗದಾಚೆ ಒಂದು ಕಾಲಿಟ್ಟ.

“ಯಾರು ನೋಡ್ತಾರೆ ಬೇಡಣ್ಣ, ಒಂದೇ ನಿಮಿಷ.”

“ನಮ್ಮಕ್ಕನ್ನೇ ಬಿಟ್ಟಿಲ್ಲ ಸ್ವಾಮಿ.”

ಜೊತೆಯವರೆಲ್ಲ ನಕ್ಕರು. ಕ್ಯಾಮೆರಾದವನು ಮಾತ್ರ ಆತನ ಮುಖ ನೋಡಿ, ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡ.