ಪೇಟೆ ಬೀದಿಗೆ ಕಾರು ಬಾರದಂತಾದ ಮೇಲೆ

ನಮ್ಮ ಮನೆ ಮದ್ದೂರಿನ ಪೇಟೆ ಬೀದಿಯಲ್ಲಿದೆ. ಕೆಳಗೆ ಪಾತ್ರೆ ಅಂಗಡಿ, ಮೇಲೆ ಮನೆ. ಅಂಗಡಿ ನನ್ನ ಗಂಡನ ಅಜ್ಜನ ಕಾಲದ್ದು. ಬೀದಿ ಅದಕ್ಕಿಂತ ಬಹಳ ಹಳೆಯದು. ಎರಡು ಎತ್ತಿನಗಾಡಿ ಎದುರಾದರೆ ಒಂದು ಪಕ್ಕಕ್ಕೆ ಸರಿದು ನಿಲ್ಲಬೇಕು, ಅಷ್ಟೇ ಅಗಲ. ಅಂಥ ಬೀದಿಯಲ್ಲಿ ಎರಡೂ ಬದಿಗೆ ಕಾರು ನಿಲ್ಲಿಸಿ, ನಡುವೆ ಎರಡೂ ದಿಕ್ಕಿನಿಂದ ಕಾರು ಓಡಿಸುವುದನ್ನು ನಮ್ಮೂರಿನವರು ಹೇಗೋ ಸಾಧಿಸಿಕೊಂಡಿದ್ದರು.

ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಆದಾಗ, ದೂರದ ವಾಹನಗಳೆಲ್ಲ ಇನ್ನು ಮೇಲ್ಸೇತುವೆಯ ಮೇಲೆಯೇ ಹೋಗುತ್ತವೆ, ಕೆಳಗೆ ನಾವು ನೆಮ್ಮದಿಯಾಗಿ ಓಡಾಡಬಹುದು ಎಂದು ಎಲ್ಲರೂ ಹೇಳಿದರು. ದೂರದವು ಮೇಲೆ ಹೋದವು. ಖಾಲಿಯಾದ ಜಾಗಕ್ಕೆ ಊರಿನವರು ಕಾರು ಕೊಂಡರು. ನಾವೂ ಕೊಂಡೆವು.

ನಮ್ಮದು ಬಿಳಿ ಬಣ್ಣದ ಕಾರು. ಅದು ಅಂಗಡಿಯ ಮುಂದೆ ನಿಲ್ಲುತ್ತಿತ್ತು. ನಿಲ್ಲುವುದೇ ಅದರ ಮುಖ್ಯ ಕೆಲಸ. ಎಲ್ಲಿಗಾದರೂ ತೆಗೆದುಕೊಂಡು ಹೋದರೆ ಆ ಜಾಗಕ್ಕೆ ಇನ್ನೊಬ್ಬರು ಬಂದು ನಿಲ್ಲಿಸುತ್ತಿದ್ದರು; ಆದ್ದರಿಂದ ನನ್ನ ಗಂಡ ಅದನ್ನು ಎಲ್ಲಿಗೂ ತೆಗೆದುಕೊಂಡು ಹೋಗುತ್ತಿರಲಿಲ್ಲ. ಹೋಗಲೇಬೇಕಾದಾಗ ಮದುವೆ ಅಡುಗೆಯ ದೊಡ್ಡದೊಂದು ಕೊಳಗವನ್ನು ಆ ಜಾಗದಲ್ಲಿ ಬೋರಲು ಹಾಕಿ ಹೋಗುತ್ತಿದ್ದರು. ಒಮ್ಮೆ ನಾವು ಮಳವಳ್ಳಿಯ ನೆಂಟರ ಮನೆಗೆ ಹೋಗಿ ಬರುವಷ್ಟರಲ್ಲಿ ಅಂಗಡಿಯಲ್ಲಿದ್ದವನು ಆ ಕೊಳಗವನ್ನು ಮಾರಿಬಿಟ್ಟಿದ್ದ. ಒಳ್ಳೆಯ ವ್ಯಾಪಾರವೇ. ಆದರೆ ನಮ್ಮ ಜಾಗದಲ್ಲಿ ಬೇರೆಯವರ ಕಾರಿತ್ತು. ನನ್ನ ಗಂಡ ಕೆಲವು ದಿನ ಅವನ ಜೊತೆ ಮಾತು ಬಿಟ್ಟರು.

ನಾನು ಮಂಡ್ಯದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹೋಗಿ ಬರುವುದು ರೈಲಿನಲ್ಲಿ.

ಮನೆಯಲ್ಲಿ ಅತ್ತೆ ಇದ್ದಾರೆ. ಕೆಲವು ವರ್ಷಗಳ ಹಿಂದೆ ಅವರು ಬೀದಿ ದಾಟುತ್ತಿದ್ದಾಗ ಒಂದು ಕಾರಿನ ಕನ್ನಡಿ ಮೊಣಕೈಗೆ ಬಡಿದು ಕೈಯೂರಿ ಕೆಳಗೆ ಬಿದ್ದರು. ಕಾರಿನವನು ಇಳಿದು ಬಂದ. ಮೊದಲು ಕನ್ನಡಿ ಸರಿಮಾಡಿಕೊಂಡ. ಆಮೇಲೆ ಅತ್ತೆಯನ್ನು ಏನಾಯಿತೆಂದು ಕೇಳಿದ. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಮೂಳೆ ಕೂಡಿಕೊಂಡಿತು, ಆದರೆ ಅತ್ತೆ ಮತ್ತೆ ಬೀದಿಗೆ ಇಳಿಯಲಿಲ್ಲ. ಆಸ್ಪತ್ರೆಗೆ ಹೋಗುವುದಿದ್ದರೆ ಆಟೋ ಜಗಲಿಗೆ ತಾಗಿಕೊಂಡು ನಿಲ್ಲಬೇಕು.

ಎದುರುಮನೆಯಲ್ಲಿ ಅವರ ಗೆಳತಿ ಇದ್ದಾರೆ. ಇಬ್ಬರೂ ಒಂದೇ ವರ್ಷ ಈ ಬೀದಿಗೆ ಸೊಸೆಯರಾಗಿ ಬಂದವರು. ಅತ್ತೆ ಬೀದಿಗೆ ಇಳಿಯುವುದನ್ನು ಬಿಟ್ಟ ಮೇಲೆ ಇಬ್ಬರೂ ಅವರವರ ಮನೆಯ ಕಿಟಕಿಯಲ್ಲಿ ಕೂತು, ಒಬ್ಬರನ್ನೊಬ್ಬರು ನೋಡುತ್ತಾ, ಫೋನಿನಲ್ಲಿ ಮಾತಾಡುತ್ತಿದ್ದರು.

"ಏನ್ ಸಾರ್ ಮಾಡಿದ್ದೀಯೆ?" ಎಂದು ಅತ್ತೆ ಕೇಳುತ್ತಿದ್ದರು.

"ಉಳ್ಳಿಕಾಳ್ ಬಸ್ಸಾರು. ತಡಿ, ಆ ಗಾಡಿ ಓಗ್ಲಿ, ಕಾಣಾಕಿಲ್ಲ ನೀನು."

ಕಾಣದಿದ್ದರೂ ಫೋನಿನಲ್ಲಿ ಕೇಳುತ್ತದೆ ಎಂದು ನಾನು ಒಮ್ಮೆ ಹೇಳಿದೆ. ಮುಖ ಕಾಣದಿದ್ದರೆ ಮಾತು ಹೇಗೆ ಕೇಳುತ್ತದೆ ಎಂದು ಅತ್ತೆ ನನ್ನನ್ನೇ ಕೇಳಿದರು.

ಹೀಗಿರುವಾಗ ಒಂದು ದಿನ ಪುರಸಭೆಯವರು ಆಟೋದಲ್ಲಿ ಮೈಕು ಕಟ್ಟಿಕೊಂಡು ಬಂದು ಸಾರಿದರು. ಒಂದು ತಿಂಗಳು ಪ್ರಯೋಗ. ಅಂಗಡಿ ತೆರೆಯುವ ಹೊತ್ತಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಪೇಟೆ ಬೀದಿಗೆ ಕಾರು ಬರುವಂತಿಲ್ಲ, ನಿಲ್ಲುವಂತಿಲ್ಲ. ಸಾಮಾನಿನ ಗಾಡಿಗಳು ಬೆಳಗ್ಗೆಯೇ ಬಂದು ಹೋಗಬೇಕು. ಸಾರುತ್ತಿದ್ದ ಆಟೋ ನಮ್ಮ ಅಂಗಡಿಯ ಮುಂದೆಯೇ ಸಿಕ್ಕಿಹಾಕಿಕೊಂಡದ್ದರಿಂದ ನಾವು ಅದನ್ನು ಬಹಳ ಸಲ ಕೇಳಿದೆವು.

ವರ್ತಕರು ಸಭೆ ಸೇರಿದರು. ನನ್ನ ಗಂಡ ಎದ್ದು ಮಾತಾಡಿದರಂತೆ. "ನಾಳೆ ಯಾರಿಗಾದ್ರೂ ಎದೆನೋವು ಬಂದ್ರೆ? ಬೀದಿ ಮುಚ್ಚ್‌ಬುಟ್ಟು ಏನ್ ಮಾಡ್ತೀರಿ? ಮಂಚದ್ ಮ್ಯಾಲೆ ಒತ್ಕೊಂಡ್ ಓಗ್ತೀರಾ?" ಸಭೆ ಚಪ್ಪಾಳೆ ತಟ್ಟಿತಂತೆ. ಊಟಕ್ಕೆ ಕೂತಾಗ ಅದನ್ನು ನಮ್ಮ ಮುಂದೆ ಮತ್ತೆ ಮಾಡಿ ತೋರಿಸಿದರು.

ಅತ್ತೆ ಮುದ್ದೆ ಮುರಿಯುತ್ತಾ, "ಈಗ ಎಂಗ್ ಬತ್ತದ್ಲಾ ಆಂಬುಲೆನ್ಸು? ಆರ್ಕೊಂಡ್ ಬತ್ತದಾ?" ಎಂದರು.

ನನ್ನ ಗಂಡ ಸಾರು ಕೇಳಿದರು.

ಸಭೆಯ ತೀರ್ಮಾನ ಇಷ್ಟು: ಯಾರೂ ಕಾರು ತೆಗೆಯುವುದಿಲ್ಲ. ಬೀದಿಯ ತುಂಬ ಕಾರು ಹಾಗೇ ನಿಂತಿರಲಿ, ಏನು ಮಾಡುತ್ತಾರೋ ನೋಡೋಣ. ಪ್ರಯೋಗ ಶುರುವಾಗುವ ಬೆಳಗ್ಗೆ ನನ್ನ ಗಂಡ ಒಗೆದ ಬಿಳಿ ಅಂಗಿ ತೊಟ್ಟು ಕೆಳಗೆ ಇಳಿದರು. ನಾನೂ ಹಿಂದೆಯೇ ಹೋದೆ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಇದ್ದದ್ದು ನಮ್ಮ ಕಾರು ಒಂದೇ. ಮಿಕ್ಕವರೆಲ್ಲ ಹಿಂದಿನ ಸಂಜೆಯೇ ಸದ್ದಿಲ್ಲದೆ ತಂತಮ್ಮದನ್ನು ತೆಗೆದುಕೊಂಡು ಹೋಗಿದ್ದರು.

ಅಷ್ಟರಲ್ಲಿ ಪೊಲೀಸ್ ಪೇದೆ ಬಂದ. "ಸಾರ್, ಗಾಡಿ ತೆಗೀರಿ."

"ತೆಗಿಯಾಕಿಲ್ಲ. ಇದು ಪ್ರತಿಭಟನೆ."

"ಯಾರ್ದು ಸಾರ್?"

"ಎಲ್ಲಾ ವರ್ತಕರ್ದು."

ಪೇದೆ ಬೀದಿಯನ್ನು ಆ ಕಡೆ ನೋಡಿದ, ಈ ಕಡೆ ನೋಡಿದ. "ಬ್ಯಾರೆಯವ್ರು ಎಲ್ ಸಾರ್?" ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು.

ನನ್ನ ಗಂಡ ಕೀ ತಂದು ಕಾರಿನೊಳಗೆ ಕೂತರು. ಕಾರು ಸ್ಟಾರ್ಟ್ ಆಗಲಿಲ್ಲ. ನಿಂತೂ ನಿಂತೂ ಬ್ಯಾಟರಿ ಸತ್ತುಹೋಗಿತ್ತು. ಕೊನೆಗೆ ತಳ್ಳಬೇಕಾಯಿತು. ಬಟ್ಟೆ ಅಂಗಡಿಯವರು, ಔಷಧಿ ಅಂಗಡಿಯವರು, ಸಭೆಯಲ್ಲಿ ಚಪ್ಪಾಳೆ ತಟ್ಟಿದವರೆಲ್ಲ ಬಂದು ಬಹಳ ಉತ್ಸಾಹದಿಂದ ತಳ್ಳಿದರು. ನನ್ನ ಗಂಡ ಸ್ಟಿಯರಿಂಗ್ ಹಿಡಿದು, ಯಾರ ಮುಖವನ್ನೂ ನೋಡದೆ, ನೇರವಾಗಿ ಮುಂದೆ ನೋಡುತ್ತಾ ಕೂತಿದ್ದರು. ಮೇಲಿನ ಕಿಟಕಿಯಿಂದ ಅತ್ತೆ, "ಬಿರ್ರನೆ ತಳ್ರುಲಾ, ಉಂಡಿಲ್ವಾ?" ಎಂದು ಕೂಗಿದರು. ಎದುರುಮನೆಯ ಕಿಟಕಿಯಲ್ಲಿ ಗೆಳತಿ ಫೋನು ಕಿವಿಗಿಟ್ಟುಕೊಂಡು ನಗುತ್ತಿದ್ದರು.

ಹೊರಗೆಲ್ಲೂ ನೆರಳಿರುವ ಜಾಗ ಸಿಗದೆ, ಬ್ಯಾಟರಿ ಹಾಕಿಸಿ ಕಾರನ್ನು ಹನಕೆರೆಯಲ್ಲಿ ಇವರ ತಂಗಿಯ ಮನೆಯ ಹಿತ್ತಲಲ್ಲಿ ನಿಲ್ಲಿಸಿ ಬಂದರು. ಅಂದಿನಿಂದ ಪ್ರತಿ ಭಾನುವಾರ ನನ್ನ ಗಂಡ ರೈಲು ಹತ್ತಿ ಹನಕೆರೆಗೆ ಹೋಗಿ ಕಾರು ನೋಡಿಕೊಂಡು ಬರತೊಡಗಿದರು. ತೊಳೆಯುವುದು, ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಇಂಜಿನ್ ಓಡಿಸುವುದು, ಊಟ ಮಾಡುವುದು, ರೈಲಿನಲ್ಲಿ ವಾಪಸು. ಮದುವೆಯಾದಾಗಿನಿಂದ ಅಣ್ಣ ಇಷ್ಟು ಸಲ ತನ್ನ ಮನೆಗೆ ಬಂದದ್ದೇ ಇಲ್ಲ ಎಂದು ನಾದಿನಿ ಸಂತೋಷಪಟ್ಟಳು.

ಬೀದಿ ಖಾಲಿಯಾಯಿತು. ಮೊದಮೊದಲು ಅಂಗಡಿಯವರೆಲ್ಲ ಬಾಗಿಲಲ್ಲಿ ನಿಂತು, ವ್ಯಾಪಾರ ಹೋಯಿತು ಎಂದು ಎದುರು ಅಂಗಡಿಯವರಿಗೆ ಹೇಳುತ್ತಿದ್ದರು. ಕೂಗದೆ ಹೇಳಿದರೂ ಕೇಳಿಸುತ್ತಿತ್ತು. ಎದುರುಮನೆಯ ಸೂರಿನ ಕೆಳಗೆ ಮರದಲ್ಲಿ ಕೆತ್ತಿದ ಗಿಳಿಗಳಿವೆ ಎಂದು ನನಗೆ ಗೊತ್ತಾದದ್ದು ಆಗ. ಅಲ್ಲಿಯವರೆಗೆ ಆ ಬೀದಿಯಲ್ಲಿ ನಿಂತು ತಲೆಯೆತ್ತಿ ನೋಡುವ ಧೈರ್ಯ ನನಗೆ ಇರಲಿಲ್ಲ.

ಒಂದು ಸಂಜೆ ನಾನು ಸ್ಕೂಲಿನಿಂದ ಬಂದಾಗ ಅತ್ತೆ ಜಗಲಿಯ ಅಂಚಿನಲ್ಲಿ ನಿಂತಿದ್ದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಮತ್ತೆ ಎಡಕ್ಕೆ ನೋಡಿದರು.

"ಏನೂ ಬತ್ತಿಲ್ವಲ್ಲಮ್ಮಿ," ಎಂದರು ಅನುಮಾನದಿಂದ.

"ಬರಲ್ಲ ಅತ್ತೆ, ಬಿಟ್ಟಿಲ್ಲ." ನಾನು ಕೈ ಹಿಡಿಯಲು ಹೋದೆ.

"ಬುಡು, ನಾನೇ ಓಯ್ತೀನಿ."

ಇಳಿದು ಹೊರಟರು. ನಡುಬೀದಿಗೆ ಬಂದು ನಿಂತು, ಹಿಂದಿರುಗಿ ನಮ್ಮ ಮನೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಯಾವಾಗ ಒಡ್ಸಿದ್ರಿ ಈ ಬಣ್ಣವ? ಚಂದಾಗಿಲ್ಲ ಕಣಮ್ಮ," ಎಂದು ಮುಂದೆ ಹೋದರು.

ಗೆಳತಿ ಬಾಗಿಲಲ್ಲಿ ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಹತ್ತಿರದಿಂದ ನೋಡಿದರು.

"ಎಷ್ಟ್ ಮುದುಕಿ ಆಗೋಗಿದ್ದೀಯೆ!" ಎಂದರು ಅತ್ತೆ.

"ನೀನೇನ್ ಈಗ್ ಮೈನೆರ್ದೋಳಾ? ಬಾ ಒಳೀಕೆ."

ಕೈ ಹಿಡಿದುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆಲ್ಲ ಒಳಗಿನಿಂದ ದೊಡ್ಡ ದನಿ ಕೇಳಿಸಿತು. ಕೈಕಾಲು ತೊಳೆಯಲು ಬಚ್ಚಲಿಗೆ ಹೋದ ಅತ್ತೆ ಅಲ್ಲೊಂದು ತಾಮ್ರದ ಹಂಡೆ ಕಂಡಿದ್ದರು. ಯಾವುದೋ ಕಾಲದ ಬಾಣಂತನಕ್ಕೆ ಎರವಲು ಕೊಟ್ಟ ತಮ್ಮದೇ ಹಂಡೆ ಅದು ಎಂದು ಅತ್ತೆ. ತವರಿನಿಂದ ತಂದದ್ದು ಎಂದು ಗೆಳತಿ. ಅಷ್ಟು ವರ್ಷ ಫೋನಿನಲ್ಲಿ ಮಾತಾಡಿದ್ದರೂ ಬಚ್ಚಲಿನ ಮಾತು ಬಂದಿರಲಿಲ್ಲ. ಅತ್ತೆ ವಾಪಸು ಬರುವಾಗ ಎಡಬಲ ನೋಡದೆ ಸರಸರನೆ ದಾಟಿ ಬಂದರು.

ಆಮೇಲೆ ಫೋನೂ ನಿಂತಿತು. ಇಬ್ಬರೂ ಕಿಟಕಿಯಲ್ಲಿ ಕೂರುವುದನ್ನು ಬಿಡಲಿಲ್ಲ. ಬೆನ್ನು ತಿರುಗಿಸಿ ಕೂರುತ್ತಿದ್ದರು. ರಾಜಿ ಮಾಡಿಸಲು ನಾನು, "ಅಂಗಡಿ ತುಂಬ ಹಂಡೆ ಇದಾವೆ, ಬೇರೆ ತಗೊಳ್ಳಿ ಅತ್ತೆ," ಎಂದೆ. ಹಂಡೆಯ ಬಗ್ಗೆ ನಿನಗೆ ಏನೂ ಗೊತ್ತಿಲ್ಲ ಎಂದರು ಅತ್ತೆ.

ಒಂದು ಶನಿವಾರ ಮಧ್ಯಾಹ್ನ ಎದುರುಮನೆಯ ಸೊಸೆ ಜಗಲಿಗೆ ಓಡಿ ಬಂದು, "ಅಕ್ಕಾ, ಬಿರ್ರನೆ ಬನ್ನಿ, ನಮ್ಮತ್ತೆ ಎದೆ ಇಡ್ಕೊಂಡ್ ಕುಂತವ್ರೆ!" ಎಂದು ಕೂಗಿದಳು. ಅವಳ ಗಂಡ ಊರಲ್ಲಿರಲಿಲ್ಲ. ನಾನು ಇಳಿದು ಓಡಿದೆ. ಗೆಳತಿ ಗೋಡೆಗೆ ಒರಗಿ ಕೂತಿದ್ದರು, ಮೈಯೆಲ್ಲ ಬೆವರು, ತುಟಿ ಬಿಳಿಚಿತ್ತು. ನನ್ನ ಗಂಡ ಆಂಬುಲೆನ್ಸಿಗೆ ಫೋನು ಮಾಡಿ, ದೂರದಲ್ಲಿ ಸೈರನ್ ಕೇಳಿದೊಡನೆ ಚಪ್ಪಲಿ ಬಿಟ್ಟು ಬೀದಿಯ ತುದಿಯ ಕಡೆಗೆ ಓಡಿದರು. ಅಡ್ಡ ಇಟ್ಟಿದ್ದ ಬ್ಯಾರಿಕೇಡನ್ನು ಎಳೆದುಹಾಕುವುದು ಅವರ ಉದ್ದೇಶ. ಅವರು ಮುಟ್ಟುವ ಮೊದಲೇ ಪೇದೆ ಅದನ್ನು ಪಕ್ಕಕ್ಕೆ ಸರಿಸಿದ್ದ.

ಆಂಬುಲೆನ್ಸು ಬೀದಿಯ ನಡುವೆ ಎಲ್ಲೂ ನಿಲ್ಲದೆ ಬಂತು. ಸೊಪ್ಪಿನವರು ಬುಟ್ಟಿ ಎತ್ತಿಕೊಂಡರು, ಅಷ್ಟೇ. ಬಾಗಿಲಿಗೆ ಸರಿಯಾಗಿ ನಿಂತಿತು. ನನ್ನ ಗಂಡ ಅದರ ಹಿಂದೆ ಓಡಿ ಬಂದು ಏದುಸಿರು ಬಿಡುತ್ತಾ ನಿಂತರು. ಡ್ರೈವರು ಇಳಿಯುತ್ತಲೇ, "ಮೊದ್ಲು ಈ ಬೀದೀಗ್ ಬಂದ್ರೆ ಗಾಡಿ ಅಲ್ಲೇ ನಿಲ್ಸಿ ಸ್ಟ್ರೆಚರ್ ತಳ್ಕೊಂಡ್ ಬತ್ತಿದ್ವು ಸಾರ್," ಎಂದ. ಅವನು ಅದನ್ನು ಯಾರಿಗೆ ಬೇಕಾದರೂ ಹೇಳಬಹುದಿತ್ತು. ನನ್ನ ಗಂಡನಿಗೇ ಹೇಳಿದ.

ಗೆಳತಿಯನ್ನು ಸ್ಟ್ರೆಚರಿನಲ್ಲಿ ತಂದು ಹತ್ತಿಸುವಷ್ಟರಲ್ಲಿ ಅತ್ತೆ ಆಗಲೇ ಆಂಬುಲೆನ್ಸಿನಲ್ಲಿ ಹತ್ತಿ ಕೂತಿದ್ದರು. ಯಾವಾಗ ಇಳಿದರು, ಯಾವಾಗ ದಾಟಿದರು, ಯಾರೂ ನೋಡಿರಲಿಲ್ಲ. ಗೆಳತಿಯ ತಲೆ ಸವರುತ್ತಾ, "ಅಂಡೆ ನೀನೇ ಇಟ್ಕೊಳ್ಳೆ, ಎದೆಗೆ ಅಚ್ಕೋಬ್ಯಾಡ," ಎಂದರು.

ಗೆಳತಿ ಮುಖಕ್ಕೆ ಹಾಕಿದ್ದ ಆಮ್ಲಜನಕದ ಮಾಸ್ಕನ್ನು ಕೈಯಿಂದ ಸರಿಸಿದರು. ನಾವೆಲ್ಲ ಬಗ್ಗಿದೆವು.

"ಅದು ನಂದೇ ಕಣೆ," ಎಂದರು.

ಮಂಡ್ಯದ ಆಸ್ಪತ್ರೆಯಲ್ಲಿ, ಹೃದಯದ ತೊಂದರೆ, ತಡಮಾಡದೆ ಕರೆದುತಂದದ್ದು ಒಳ್ಳೆಯದಾಯಿತು ಎಂದರು. ನಾನು ದಿನಾ ಸ್ಕೂಲು ಮುಗಿಸಿ ನೋಡಿಕೊಂಡು ರೈಲು ಹತ್ತುತ್ತಿದ್ದೆ. ಅತ್ತೆ ಮನೆಗೆ ಬರಲು ಒಪ್ಪದೆ ಅಲ್ಲೇ ಮಂಚದ ಪಕ್ಕದಲ್ಲಿ ಉಳಿದರು. ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದದ್ದರಿಂದ ಫೋನು ಬೇಕಾಗಲಿಲ್ಲ.

ಆ ಹೊತ್ತಿಗೆ ಪ್ರಯೋಗದ ತಿಂಗಳು ಮುಗಿಯಿತು. ಮತ್ತೆ ಸಭೆ. ಪೀಠೋಪಕರಣದ ಅಂಗಡಿಯವರು ತಮ್ಮ ಗಿರಾಕಿಗಳೆಲ್ಲ ಕಾರಿನವರು, ತಮಗೆ ನಷ್ಟ ಎಂದರು. ಅದು ನಿಜವೂ ಇರಬಹುದು. ನಮ್ಮ ಅಂಗಡಿಗೆ ಬರುವವರು ಬಸ್ಸಿಳಿದು ಬರುವ ಹಳ್ಳಿಯ ಹೆಂಗಸರು. ಮೊದಲು ನಮ್ಮದೇ ಕಾರಿನ ಸಂದಿಯಲ್ಲಿ ಸೀರೆ ಎತ್ತಿಕೊಂಡು ನುಸುಳಿ ಬರಬೇಕಿತ್ತು. ಈಗ ಹೊರಗೇ ನಿಂತು, ಪಾತ್ರೆ ತಟ್ಟಿ ನೋಡಿ, ಪಕ್ಕದವರನ್ನೂ ಕೇಳಿ ಒಳಗೆ ಬರುತ್ತಿದ್ದರು. ಇದನ್ನು ನನ್ನ ಗಂಡ ಗಮನಿಸಿದ್ದರು.

ಸಭೆಯಲ್ಲಿ ಎಲ್ಲರೂ ಇವರ ಕಡೆ ನೋಡಿದರಂತೆ. ಇವರು ಎದ್ದು ನಿಂತು, "ಆಂಬುಲೆನ್ಸ್ ವಿಚಾರದಲ್ಲಿ ನಾನ್ ಏಳಿದ್ ಮಾತ ವಾಪಸ್ ತಗೋತೀನಿ," ಎಂದು ಕೂತರಂತೆ.

"ಅಷ್ಟೇನಾ?" ಎಂದು ಯಾರೋ ಕೇಳಿದರಂತೆ.

"ಅಷ್ಟೆಯ."

ಈ ಸಲ ಚಪ್ಪಾಳೆ ಇರಲಿಲ್ಲ. ಬೀದಿ ಕಾರಿಲ್ಲದೆ ಹಾಗೆಯೇ ಮುಂದುವರಿಯಿತು.

ಗೆಳತಿ ಆಸ್ಪತ್ರೆಯಿಂದ ಬಂದ ದಿನ ಅವರ ಮಗ ಬಾಡಿಗೆ ಕಾರಿನಲ್ಲಿ ಇಬ್ಬರನ್ನೂ ಬೀದಿಯ ತುದಿಯವರೆಗೆ ಕರೆತಂದ. ನಾವು ಅಲ್ಲಿ ಕಾಯುತ್ತಿದ್ದೆವು. ಪೇದೆ ಬ್ಯಾರಿಕೇಡ್ ಸರಿಸಿ ಒಳಗೆ ಬನ್ನಿ ಎಂದು ಕೈ ಮಾಡಿದ.

"ಮುಚ್ಚಪ್ಪಾ ಅದ್ನ. ನಾವು ನಡ್ಕೊಂಡ್ ಓಯ್ತೀವಿ," ಎಂದು ಗೆಳತಿ ಇಳಿದರು. ಮಗ ಬೇಡವೆಂದ. ಡಾಕ್ಟರೇ ನಡೆಯಲು ಹೇಳಿದ್ದಾರೆ ಎಂದು ಇಬ್ಬರೂ ಒಟ್ಟಿಗೆ ಹೇಳಿದರು.

ನನ್ನ ಗಂಡ ಹತ್ತಿರದ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಕೇಳಿ ತಂದು ಹಿಂದೆಯೇ ಹೊತ್ತು ನಡೆದರು. ಇಬ್ಬರು ಮುದುಕಿಯರು ಕೈ ಹಿಡಿದುಕೊಂಡು ನಡುಬೀದಿಯಲ್ಲಿ ಹೊರಟರು. ನಾಲ್ಕಾರು ಅಂಗಡಿ ದಾಟಿದ ಮೇಲೆ ದಣಿವಾಗುತ್ತಿತ್ತು. ಅಲ್ಲೇ ಕುರ್ಚಿ ಹಾಕಿ ಗೆಳತಿ ಕೂರುತ್ತಿದ್ದರು. ಅಂಗಡಿಗಳಿಂದ ಜನ ಬಂದು ಸುತ್ತ ನಿಲ್ಲುತ್ತಿದ್ದರು. ಗೆಳತಿ ಆಸ್ಪತ್ರೆಯ ಕಥೆ ಹೇಳುತ್ತಿದ್ದರು, ಅತ್ತೆ ಅಲ್ಲಲ್ಲಿ ತಿದ್ದುತ್ತಿದ್ದರು. ಮತ್ತೆ ಎದ್ದು ನಾಲ್ಕಾರು ಅಂಗಡಿ. ಮೊದಲ ಸಲ ಹೇಳಿದಾಗ ಡಾಕ್ಟರು ಮಾತ್ರೆ ಕೊಟ್ಟು ಉಳಿಸಿದ್ದರು. ನಮ್ಮ ಅಂಗಡಿಯ ಮುಂದೆ ಬರುವಷ್ಟರಲ್ಲಿ ಡಾಕ್ಟರು ಕೈಬಿಟ್ಟಿದ್ದರು, ಗೆಳತಿ ತಾವಾಗಿಯೇ ಎದ್ದು ಕೂತಿದ್ದರು.

ಹಿಂದೆ ಒಬ್ಬ ಸ್ಕೂಟರಿನವನು ಬಂದು ಕಾದು ನಿಂತಿದ್ದ. ಹಾರನ್ ಮಾಡಲಿಲ್ಲ. ಕಥೆ ಮುಗಿಯುವುದಿಲ್ಲವೆಂದು ಗೊತ್ತಾದ ಮೇಲೆ ಅವನೂ ಸ್ಟ್ಯಾಂಡ್ ಹಾಕಿ ಇಳಿದು, "ಆಮ್ಯಾಕೆ ಏನಾಯ್ತಜ್ಜಿ?" ಎಂದು ಕೇಳಿದ.