ಬೆರಳು ತೋರಿಸಿದ ದಾರಿ

ಇವತ್ತು ದೋಸೆ ಹೊಯ್ದೆ, ಬಟ್ಟೆ ಒಣಹಾಕಿದೆ, ಗ್ಯಾಸಿನವನಿಗೆ ಫೋನ್ ಮಾಡಿದೆ. ಬ್ಯಾಂಕಿನಿಂದ ಮರಳುವಾಗ ತ್ರಿಪ್ಪುಣಿತ್ತುರದ ಮೆಟ್ರೊ ನಿಲ್ದಾಣದ ಹೊರಗೆ ಒಬ್ಬ ಹೆಂಗಸಿನಿಂದ ಎಲೆಯಲ್ಲಿ ಕಟ್ಟಿದ ಅಣಬೆ ಕೊಂಡೆ. ಮನೆಯಲ್ಲಿ ಪೊಟ್ಟಣ ಬಿಚ್ಚಿದೊಡನೆ ಹಸಿ ಮಣ್ಣಿನ ವಾಸನೆ. "ಅಮ್ಮೇ, ಕೂಣ್ ಆಣೋ?" ಎಂದು, ಅಣಬೆಯಾ ಅಂತ ಇಲ್ಲಿಯ ಮಲಯಾಳದಲ್ಲಿ ಕೇಳುತ್ತ, ಮಗಳು ಬೆರಳು ತೋರಿಸಿದಳು. "ಬೆರಳು ತೋರಿಸ್ಬೇಡ" ಎಂದುಬಿಟ್ಟೆ. ಯಾಕೆಂದು ವಿವರಿಸುವ ತ್ರಾಣ ನನ್ನಲ್ಲಿರಲಿಲ್ಲ.

ಅದು ನನ್ನ ಅಜ್ಜಿಯ ಮಾತು. ಅಪ್ಪ ಸುಳ್ಯದ ಕಡೆ ಕಾಡಿನ ಗಾರ್ಡ್ ಆಗಿದ್ದರು. ನಮ್ಮ ಕ್ವಾರ್ಟರ್ಸಿನ ಹಿತ್ತಲು ಮುಗಿದಲ್ಲೇ ಕಾಡು. ಮೊದಲ ಗುಡುಗಿನ ಮರುದಿನ ಅಜ್ಜಿ ಬುಟ್ಟಿ ಹಿಡಿದು, ನನ್ನೊಬ್ಬಳನ್ನೇ ಕರೆದುಕೊಂಡು, ಹುತ್ತದ ಪಕ್ಕದ ಒಂದು ಜಾಗಕ್ಕೆ ಹೋಗುತ್ತಿದ್ದರು. ತರಗೆಲೆಯಡಿಯ ನೆಲ ಅಲ್ಲಿ ಹಾಸಿಗೆಯಷ್ಟು ಮೆತ್ತಗೆ. ಎಲೆ ಸರಿಸಿದರೆ ಬಿಳಿ ಅಣಬೆಗಳ ಸಂತೆ. "ಬೆರಳು ತೋರಿಸ್ಬೇಡ ಮಗಾ, ಬರುವ ವರ್ಷ ಏಳುದಿಲ್ಲ" ಎನ್ನುತ್ತಿದ್ದರು.

ನನ್ನ ಒಂಬತ್ತನೆಯ ವರ್ಷದಲ್ಲಿ ದಿಮ್ಮಿ ಎಳೆಯಲು ಆನೆಯ ಬದಲು ದೊಡ್ಡ ಚಕ್ರದ ಯಂತ್ರ ಬಂತು. "ಪುಟ್ಟೀ, ರಸ್ತೆಗೆ ಹತ್ತಿರದ ದಾರಿ ಉಂಟಾ? ತೋರಿಸಿದ್ರೆ ಒಂದು ಸುತ್ತು ಕೂರಿಸ್ತೇನೆ" ಎಂದ ಡ್ರೈವರ್. ನಾನು ಅಜ್ಜಿಯ ಜಾಗದ ಕಡೆಗೆ ಬೆರಳು ಚಾಚಿದೆ. ಒಂದು ಸುತ್ತು ಕೂತೆ ಕೂಡ.

ಬೇಸಿಗೆ ಪೂರ್ತಿ ಆ ಚಕ್ರಗಳು ಅಲ್ಲೇ ಓಡಾಡಿದವು. ಮೊದಲ ಗುಡುಗಿನ ಮರುದಿನ ಹೋದರೆ ಚಕ್ರದ ಗುಳಿಗಳಲ್ಲಿ ನೀರು ಇಂಗದೆ ನಿಂತಿತ್ತು. ಅಜ್ಜಿ ಕೋಲು ಊರಿದರು, ತುದಿ ಇಳಿಯಲಿಲ್ಲ.

"ಯಾರೋ ಬೆರಳು ತೋರಿಸಿದ್ದಾರೆ" ಎಂದರು ಮನೆಗೆ ಬಂದು.

"ಬೆರಳಲ್ಲಮ್ಮ, ಭಾರ. ಮಣ್ಣೊಳಗೆ ಗಾಳಿಗೂ ಜಾಗ ಇಲ್ಲ" ಎಂದರು ಅಪ್ಪ.

"ಭಾರ ತಾನಾಗಿ ನಡ್ಕೊಂಡು ಬಂತಾ ಮಾರಾಯ? ದಾರಿ ತೋರಿಸಿದವರು ಇರ್ಬೇಕಲ್ಲ."

ಯಂತ್ರ ಹೋದ ಮೇಲೂ ವರ್ಷ ವರ್ಷ ಅಜ್ಜಿ ಬುಟ್ಟಿ ಹಿಡಿದು ಹೋದರು, ಬರಿಗೈಯಲ್ಲಿ ಮರಳಿದರು. ಅಲ್ಲಿ ಹುಲ್ಲು ಕೂಡ ಸರಿಯಾಗಿ ಹುಟ್ಟಲಿಲ್ಲ. ಕೊನೆಯ ಸಲ ನಾನೇ ಅವರ ಕೈ ಹಿಡಿದು ನಡೆಸಿದ್ದೆ. ಆ ಬೆರಳು ನನ್ನದೆಂದು ಅಂದು ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ರಾತ್ರಿ ಕುಚ್ಚಲಕ್ಕಿ ಗಂಜಿ, ಮಾವಿನ ಉಪ್ಪಿನಕಾಯಿ. ಉಂಡು ಪಾತ್ರೆ ತೊಳೆದು ಬರುವಷ್ಟರಲ್ಲಿ, ಬುಟ್ಟಿಯನ್ನು ತಲೆಯ ಪಕ್ಕದಲ್ಲೇ ಇಟ್ಟುಕೊಂಡು, ನಾನು ಹೇಳುವ ಮೊದಲೇ ಅಜ್ಜಿ ನಿದ್ದೆ ಹೋಗಿದ್ದರು.