ಈಳಿಗೆಯ ಮೇಲೆ ಹೋಳಾದ ಕಾದಂಬರಿ

ನಮ್ಮ ಹಳೆಯ ಕಾಲೊನಿಯವರ ವಾಟ್ಸಾಪ್ ಗುಂಪಿನಲ್ಲಿ ಇವತ್ತು ಯಾರೋ "ಸದ್ಯ ಏನು ಓದುತ್ತಿದ್ದೀರಿ?" ಎಂದು ಕೇಳಿದರು. ಎಲ್ಲರೂ ಹೊಳೆಯುವ ಹೊಸ ಮುಖಪುಟಗಳನ್ನು ಹಾಕುತ್ತಿದ್ದರೆ, ಸಂಭಾಜಿನಗರದ ಶಾಂತಾ ಕಾಕು ಹಾಕಿದ್ದು ಅರಿಶಿನದ ಬೆರಳಚ್ಚು ಬಿದ್ದ ಅರ್ಧ ಪುಸ್ತಕ. ನೋಡಿದ ಕೂಡಲೇ ಗುರುತು ಹತ್ತಿತು.

ಮಹಾರಾಷ್ಟ್ರದ ಓಝರ್‌ನಲ್ಲಿದ್ದ ನಮ್ಮ ವಿಮಾನ ಕಾರ್ಖಾನೆಯ ಕಾಲೊನಿಯಲ್ಲಿ ಕನ್ನಡ ಕಾದಂಬರಿ ಸಿಗುತ್ತಿದ್ದದ್ದು ಯಾರಾದರೂ ಕಲಬುರಗಿಗೆ ಹೋಗಿಬಂದಾಗ ಮಾತ್ರ. ಒಮ್ಮೆ ಒಂದೇ ಪುಸ್ತಕ ಬಂತು. ಅವ್ವನೂ ಎದುರುಮನೆಯ ಈ ಕಾಕುವೂ ಕಾಯಲು ಒಪ್ಪಲಿಲ್ಲ. ಅವ್ವ ಅದನ್ನು ಈಳಿಗೆಯ ಮೇಲೆ ಕುಂಬಳಕಾಯಿಯಂತೆ ಎರಡು ಹೋಳು ಮಾಡಿದಳು. ಚೀಟಿ ಎತ್ತಿದವಳು ನಾನು. ಮೊದಲ ಅರ್ಧ ಕಾಕುವಿಗೆ ಹೋಯಿತು. ಅದಕ್ಕೆ ಇವತ್ತಿಗೂ ಅವ್ವನಿಂದ ಬೈಸಿಕೊಳ್ಳುತ್ತೇನೆ.

ಅವ್ವ ತನ್ನ ಅರ್ಧವನ್ನು ಎರಡೇ ದಿನದಲ್ಲಿ ಮುಗಿಸಿ, ಯಾರು ಯಾರ ಗಂಡ ಎಂದು ತಿಳಿಯದೆಯೇ ಗಳಗಳ ಅತ್ತಳು. ಕಾಕು ಮಾತ್ರ ಒಂದೊಂದೇ ಪುಟ ಚಪ್ಪರಿಸುತ್ತಾ ತಿಂಗಳು ಕಳೆದರು.

"ನಿಮ್ಮ ಅರ್ಧಾ ಕೊಡ್ರಿ, ಇಲ್ಲಂದ್ರ ಕಡಿಗೆ ಏನಾಗ್ತದ ಹೇಳಿಬಿಡ್ತೀನಿ!" ಎಂದು ಅವ್ವ ಗ್ಯಾಲರಿಯಿಂದ ಕೂಗಿದಳು.

ಕಾಕು ಎರಡೂ ಕಿವಿ ಮುಚ್ಚಿಕೊಂಡು ಒಳಗೋಡಿದರು. ಇಬ್ಬರ ನಡುವೆ ಮಾತುಕತೆ ನಿಂತಿತು. ಅಷ್ಟರಲ್ಲಿ ಅವರ ಯಜಮಾನರಿಗೆ ಸಂಭಾಜಿನಗರದಲ್ಲಿ ಕೆಲಸ ಸಿಕ್ಕಿ, ಮೊದಲ ಅರ್ಧವೂ ಸಾಮಾನಿನ ಜೊತೆ ಟೆಂಪೊ ಹತ್ತಿತು.

ಇವತ್ತಿನ ಚಿತ್ರದ ಕೆಳಗೆ ಕಾಕು ಅವ್ವನಿಗೆಂದೇ ಬರೆದಿದ್ದರು: "ವೈನಿ, ಹನ್ನೊಂದು ಸಲ ಓದೀನ್ರಿ. ಅಂವಾ ಕಡಿಗೆ ಬರ್ತಾನೇನ್ರಿ?"

ಅವ್ವನಿಗೆ ಓದಿ ಹೇಳಿದೆ. ಅವಳು ಕಪಾಟಿನಿಂದ ತನ್ನ ಅರ್ಧವನ್ನು ತಂದು ಎದೆಗವಚಿಕೊಂಡು ಹೇಳಿದಳು: "ಮೊದಲ ಆ ಅರ್ಧಾ ಕಳಸ್ರಿ ಅಂತ ಬರಿ. ಆಮ್ಯಾಲ ನೋಡೋಣಂತ."